ಮುಳುಗಿದ ಮಸ್ಟಾಂಗ್‌ನ ಲೆಕ್ಕ

ಕಳೆದ ಬಕ್ರೀದ್ ಮುಗಿದ ವಾರ ನಮ್ಮ ಮಾಮು ಮೊಬೈಲ್‌ನಲ್ಲಿ ಒಂದು ಫೋಟೊ ತೋರಿಸಿದರು. ಕೆಂಪು ಬಣ್ಣದ ಫೋರ್ಡ್ ಮಸ್ಟಾಂಗ್ ಜಿಟಿ. ಎರಡೇ ಬಾಗಿಲು, ಉದ್ದನೆಯ ಬಾನೆಟ್, 5 ಲೀಟರ್‌ನ ಎಂಟು ಸಿಲಿಂಡರ್ ಎಂಜಿನ್. ಹೊಸದಾಗಿದ್ದಾಗ ಅದರ ಶೋರೂಮ್ ಬೆಲೆ ಸುಮಾರು 74 ಲಕ್ಷ ರೂಪಾಯಿ. ಚೆನ್ನೈನ ಒಂದು ಯಾರ್ಡ್‌ನಲ್ಲಿ ನಿಂತಿದ್ದ ಈ ಕಾರಿಗೆ ಕೇಳುತ್ತಿದ್ದದ್ದು 11 ಲಕ್ಷ. "ನೀನು ಕಾಮರ್ಸ್ ಓದ್ತೀಯಲ್ಲ, ಲೆಕ್ಕ ಮಾಡಿ ಹೇಳು" ಅಂದರು.

ಮಾಮು 14 ವರ್ಷ ಶಾರ್ಜಾದಲ್ಲಿ ದುಡಿದು ಈಗ ಊರಿಗೆ ಬಂದಿದ್ದಾರೆ. ಕೆಲಸ ಬಿಡುವಾಗ ಸಿಕ್ಕಿದ ಹಣ, ಉಳಿತಾಯ ಎಲ್ಲ ಸೇರಿ ಕೈಯಲ್ಲಿ 19 ಲಕ್ಷ ಇದೆ. ಅವರ ಯೋಜನೆ ಸರಳ. 11 ಲಕ್ಷಕ್ಕೆ ಕಾರು, 6 ಲಕ್ಷ ರಿಪೇರಿ. ಸ್ವಲ್ಪ ದಿನ ಭಟ್ಕಳ, ಹೊನ್ನಾವರ, ಕುಮಟಾದ ಮದುವೆಗಳಿಗೆ ದುಲ್ಹಾನ ಕಾರು ಎಂದು ಬಾಡಿಗೆಗೆ ಓಡಿಸುವುದು, ಆಮೇಲೆ 40 ಲಕ್ಷಕ್ಕೆ ಮಾರುವುದು. ಇಂಥದೇ ಕಾರು ಒಳ್ಳೆಯ ಸ್ಥಿತಿಯಲ್ಲಿದ್ದರೆ ಜಾಹೀರಾತುಗಳಲ್ಲಿ 45 ಲಕ್ಷದ ಆಸುಪಾಸು ಇದ್ದದ್ದನ್ನು ನಾನೂ ನೋಡಿದೆ. ಹಾಗಾಗಿ ಮೊದಲ ದಿನ ನನಗೂ ಇದು ಲಾಭದ ಮಾತೇ ಅನ್ನಿಸಿತು. ಟೋಕನ್ ಎಂದು 50,000 ರೂಪಾಯಿಯನ್ನು ಮಾಮು ಆಗಲೇ ಕಳಿಸಿಬಿಟ್ಟಿದ್ದರು ಎಂದು ನನಗೆ ಗೊತ್ತಾದದ್ದು ಮೂರನೆಯ ದಿನ.

ಕಾರು ಅಷ್ಟು ಅಗ್ಗವಾಗಿದ್ದಕ್ಕೆ ಕಾರಣವನ್ನು ಮಾರುವವರೇ ಹೇಳಿದ್ದರು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದಿಂದ ಚೆನ್ನೈನಲ್ಲಿ ನೆರೆ ಬಂದಾಗ ಅದು ನೀರಿನಲ್ಲಿ ಮುಳುಗಿತ್ತು. ವಿಮಾ ಕಂಪನಿ ಅದನ್ನು 'ಟೋಟಲ್ ಲಾಸ್' ಎಂದು ತೀರ್ಮಾನಿಸಿ, ಮಾಲೀಕರಿಗೆ ಹಣ ಕೊಟ್ಟಿತ್ತು. ಉಳಿದ ಕಾರು ಸಾಲ್ವೇಜ್ ಎಂದು ಹರಾಜಿಗೆ ಹೋಗಿ, ಒಂದಿಬ್ಬರ ಕೈ ದಾಟಿ ಈ ಯಾರ್ಡ್‌ಗೆ ಬಂದಿತ್ತು.

ನೆರೆ ನಮಗೆ ಹೊಸದಲ್ಲ. 2022ರ ಆಗಸ್ಟ್ 1ರ ರಾತ್ರಿಯಿಂದ ಮರುದಿನದವರೆಗೆ ಭಟ್ಕಳದಲ್ಲಿ ಸುರಿದ ಮಳೆ 500 ಮಿ.ಮೀ. ಮೀರಿತ್ತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯಲ್ಲಿ ನಾಲ್ವರು ತೀರಿಕೊಂಡರು. ಪೇಟೆಯ ಅಂಗಡಿಗಳಿಗೆ ನೀರು ನುಗ್ಗಿತು. ನಮ್ಮ ಓಣಿಯಲ್ಲಿ ನಿಂತಿದ್ದ ಒಂದು ಕಾರಿನ ಸೀಟಿನ ಮಟ್ಟಕ್ಕೆ ನೀರು ಬಂದಿತ್ತು. ಬೆಳಿಗ್ಗೆ ನೀರು ಇಳಿದ ಮೇಲೆ ಅದರ ಮಾಲೀಕರು ಮಾಡಿದ ಮೊದಲ ಕೆಲಸ ಚಾವಿ ತಿರುಗಿಸಿದ್ದು. ಟಕ್ ಎಂದು ಒಂದು ಶಬ್ದ ಬಂತು, ಅಷ್ಟೇ. ಗಾಳಿಯನ್ನು ಒತ್ತಿ ಚಿಕ್ಕದು ಮಾಡಬಹುದು, ನೀರನ್ನು ಹಾಗೆ ಒತ್ತಲು ಆಗುವುದಿಲ್ಲ. ಸಿಲಿಂಡರ್‌ನೊಳಗೆ ನೀರಿದ್ದಾಗ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಮೇಲೇರಲು ಜಾಗವಿಲ್ಲದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ ಅಥವಾ ಮುರಿಯುತ್ತದೆ. ಇಂಥ ಹಾನಿಯನ್ನು ವಿಮಾ ಕಂಪನಿಗಳು ನೆರೆಯ ಹಾನಿ ಎಂದು ಒಪ್ಪದೆ, ನೀವು ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಎನ್ನುತ್ತವೆ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ತೆಗೆದುಕೊಂಡಿರದಿದ್ದರೆ ಎಂಜಿನ್‌ನ ಹಣ ಸಿಗುವುದು ಕಷ್ಟ. ಅವರಿಗೂ ಸಿಗಲಿಲ್ಲ. ನೆರೆ ಇಳಿದ ಮೇಲೆ ಕಾರನ್ನು ಸ್ಟಾರ್ಟ್ ಮಾಡಬೇಡಿ, ತಳ್ಳಿಕೊಂಡು ಹೋಗಿ. ಈ ಲೇಖನದಿಂದ ಇದೊಂದು ನೆನಪಿದ್ದರೂ ಸಾಕು.

ಟೋಟಲ್ ಲಾಸ್ ಎಂಬ ಮಾತಿನೊಳಗೇ ನನಗೆ ಬೇಕಾದ ಅಂಕಿ ಇತ್ತು. ಪಾಲಿಸಿಯಲ್ಲಿ ಐಡಿವಿ ಎಂಬ ಮೊತ್ತ ಇರುತ್ತದೆ, ಅಂದರೆ ಕಂಪನಿ ಆ ವರ್ಷ ಕಾರಿಗೆ ಕಟ್ಟಿದ ಬೆಲೆ. ನಾವು ಅಕೌಂಟೆನ್ಸಿಯಲ್ಲಿ ಕಲಿಯುವ ಸವಕಳಿಯೇ ಇಲ್ಲಿಯೂ ಇದೆ, ದರ ಮಾತ್ರ ಮೊದಲೇ ನಿಗದಿಯಾಗಿದೆ. ಆರು ತಿಂಗಳೊಳಗೆ ಶೇ. 5, ಒಂದು ವರ್ಷದೊಳಗೆ 15, ಎರಡರೊಳಗೆ 20, ಆಮೇಲೆ 30, 40, ಐದನೆಯ ವರ್ಷದಲ್ಲಿ 50. ರಿಪೇರಿಯ ಅಂದಾಜು ಐಡಿವಿಯ ಶೇ. 75ನ್ನು ಮೀರಿದರೆ ರಿಪೇರಿ ಬೇಡ, ಪೂರ್ತಿ ನಷ್ಟ ಎಂದು ಲೆಕ್ಕ ಹಿಡಿಯುತ್ತಾರೆ.

ಈ ಕಾರು 2019ರದ್ದು. ಮುಳುಗಿದಾಗ ನಾಲ್ಕು ವರ್ಷ ದಾಟಿತ್ತು. 74 ಲಕ್ಷದಲ್ಲಿ ಶೇ. 50 ಕಳೆದರೆ 37 ಲಕ್ಷ. ಅದರ ಶೇ. 75 ಎಂದರೆ 27 ಲಕ್ಷ 75 ಸಾವಿರ. ಅಂದರೆ ನೀರು ಇಳಿದ ಕೂಡಲೇ ಕಾರನ್ನು ಬಿಚ್ಚಿ ನೋಡಿದವರು, ಅದನ್ನು ಸರಿ ಮಾಡಲು ಹೆಚ್ಚುಕಡಿಮೆ 28 ಲಕ್ಷಕ್ಕಿಂತ ಮೇಲೆ ಬೇಕು ಎಂದು ಬರೆದುಕೊಟ್ಟಿದ್ದಾರೆ. ಮಾಮು ಅದೇ ಕೆಲಸವನ್ನು 6 ಲಕ್ಷದಲ್ಲಿ ಮುಗಿಸುವ ಮಾತಾಡುತ್ತಿದ್ದರು. ಅದೂ ಕಾರು ಒದ್ದೆಯಾಗಿ ಒಂದೂವರೆ ವರ್ಷ ನಿಂತ ಮೇಲೆ.

ಮಾಮು ಒಪ್ಪಲಿಲ್ಲ. ಕಂಪನಿಯ ಸರ್ವಿಸ್ ಸೆಂಟರ್‌ನವರು ಎಲ್ಲವನ್ನೂ ಹೊಸದೇ ಹಾಕುತ್ತಾರೆ, ನಮ್ಮ ಮೇಸ್ತ್ರಿಗಳು ಹಳೆಯದನ್ನೇ ಸರಿ ಮಾಡುತ್ತಾರೆ ಎಂದರು. ಈ ಮಾತಿನಲ್ಲಿ ಅರ್ಧ ನಿಜ ಇದೆ. ಮಾರುತಿ ಸ್ವಿಫ್ಟ್‌ನಂಥ ಕಾರಾಗಿದ್ದರೆ ನಾನು ಇಷ್ಟು ತಕರಾರು ಮಾಡುತ್ತಿರಲಿಲ್ಲ. ಅದರ ಬಿಡಿಭಾಗ ಪ್ರತಿ ಊರಿನಲ್ಲಿ ಸಿಗುತ್ತದೆ, ಅದನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುವವರಿದ್ದಾರೆ. ಮಸ್ಟಾಂಗ್ ಭಾರತದಲ್ಲಿ ತಯಾರಾದ ಕಾರಲ್ಲ, ಹೊರಗಿಂದಲೇ ಪೂರ್ತಿಯಾಗಿ ಬರುತ್ತಿತ್ತು. 2016ರಲ್ಲಿ ಇಲ್ಲಿ ಮಾರಾಟ ಶುರುವಾಯಿತು. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆಯನ್ನೇ ನಿಲ್ಲಿಸುವುದಾಗಿ ಹೇಳಿತು. ಬಿಡಿಭಾಗ, ಸರ್ವಿಸ್ ಮುಂದುವರಿಯುತ್ತದೆ ಎಂದೂ ಹೇಳಿದೆ. ಆದರೆ ಎಕೋಸ್ಪೋರ್ಟ್‌ನ ಬ್ರೇಕ್ ಪ್ಯಾಡ್ ಸಿಗುವುದು ಬೇರೆ, ಮಸ್ಟಾಂಗ್‌ನ ಪೂರ್ತಿ ವೈರಿಂಗ್ ಸಿಗುವುದು ಬೇರೆ.

ಇನ್ನೊಂದು ವಿಷಯ ನನಗೆ ರಾತ್ರಿ ಮಲಗಿದಾಗ ಹೊಳೆಯಿತು. ಸಾಲ್ವೇಜ್ ಹರಾಜಿನಲ್ಲಿ ಬೆಲೆ ಕೂಗುವವರು ಹವ್ಯಾಸಕ್ಕೆ ಬಂದವರಲ್ಲ. ಗೇರ್‌ಬಾಕ್ಸ್‌ಗೆ ಎಷ್ಟು ಸಿಗುತ್ತದೆ, ಬಾಗಿಲಿಗೆ ಎಷ್ಟು, ರಿಪೇರಿ ಮಾಡಿದರೆ ಎಷ್ಟು ಉಳಿಯುತ್ತದೆ ಎಂದು ದಿನವೂ ನೋಡುವವರು. ರಿಪೇರಿಯಲ್ಲಿ 20 ಲಕ್ಷ ಲಾಭ ನಿಜವಾಗಿಯೂ ಇದ್ದಿದ್ದರೆ ಅವರಲ್ಲೇ ಒಬ್ಬರು ಅದನ್ನು ಮಾಡಿಬಿಡುತ್ತಿದ್ದರು. ಅವರೆಲ್ಲ ನೋಡಿ ಬಿಟ್ಟ ಕಾರು ಭಟ್ಕಳದ ಒಬ್ಬರ ವಾಟ್ಸ್ಆ್ಯಪ್‌ಗೆ ಬಂದಿದೆ.

ಕಾಗದಪತ್ರದ ವಿಷಯ ವಿಚಾರಿಸೋಣ ಎಂದು ಮಾಮು ಮತ್ತು ನಾನು ಒಂದು ದಿನ ಬಸ್ಸಿನಲ್ಲಿ ಹೊನ್ನಾವರಕ್ಕೆ ಹೋದೆವು. ಭಟ್ಕಳದವರ ವಾಹನಗಳಿಗೂ ಹೊನ್ನಾವರದ ಆರ್‌ಟಿಒ ಕಚೇರಿಯೇ, ಕೆಎ 47 ಅಲ್ಲಿಯದೇ ಸಂಖ್ಯೆ. ಮಾಮುಗೆ ಪರಿಚಯದ ಏಜೆಂಟರೊಬ್ಬರು ಚಹಾ ಕುಡಿಸಿ ಎಲ್ಲ ವಿವರಿಸಿದರು.

ಕಾರು ತಮಿಳುನಾಡು ನೋಂದಣಿಯದ್ದು. ಅಲ್ಲಿಂದ ಎನ್‌ಒಸಿ ತರಬೇಕು. ಮಾಲೀಕತ್ವ ವರ್ಗಾವಣೆಗೆ 29 ಮತ್ತು 30ನೇ ನಮೂನೆಗಳಲ್ಲಿ ಹಿಂದಿನ ಮಾಲೀಕರ ಸಹಿ ಬೇಕು. ಇಲ್ಲೇ ಒಂದು ತೊಡಕಿತ್ತು. ಯಾರ್ಡ್‌ನವರ ಹೆಸರಿಗೆ ಕಾರು ವರ್ಗವಾಗಿರಲೇ ಇಲ್ಲ. ಆರ್‌ಸಿ ಇನ್ನೂ ಮೊದಲ ಮಾಲೀಕರ ಹೆಸರಿನಲ್ಲೇ ಇತ್ತು. ಅವರಿಗೆ ವಿಮೆ ಹಣ ಬಂದಾಗಿದೆ, ಈಗ ಸಹಿ ಹಾಕಲು ಅವರನ್ನು ಎಲ್ಲಿ ಹುಡುಕುವುದು? ಸಹಿ ಮಾಡಿದ ಖಾಲಿ ನಮೂನೆಗಳು ಇವೆ ಎಂದು ಯಾರ್ಡ್‌ನವರು ಹೇಳಿದ್ದರು. ಏಜೆಂಟರು ಅದನ್ನು ಕೇಳಿ ನಕ್ಕರು, ಒಳ್ಳೆಯ ನಗು ಅಲ್ಲ.

ಆಮೇಲೆ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಹೆಚ್ಚು ಬೆಲೆಯ ಕಾರಿಗೆ ಜೀವಾವಧಿ ತೆರಿಗೆ ಶೇ. 18, ಅದರ ಮೇಲೆ ಸೆಸ್ ಬೇರೆ. ಹಳೆಯ ಕಾರಿಗೆ ವಯಸ್ಸಿನ ಪ್ರಕಾರ ಕಡಿಮೆಯಾಗುತ್ತದೆ. ಆದರೆ ಲೆಕ್ಕ ಶುರುವಾಗುವುದು ಹೊಸ ಕಾರಿನ ಬೆಲೆಯಿಂದ, ನಾವು ಕೊಟ್ಟ 11 ಲಕ್ಷದಿಂದ ಅಲ್ಲ. 74 ಲಕ್ಷಕ್ಕೆ ಶೇ. 18 ಎಂದರೆ 13 ಲಕ್ಷ 32 ಸಾವಿರ. ಆರು ವರ್ಷದ ಕಾರು ಎಂದು ಕಡಿಮೆ ಮಾಡಿದರೂ 7 ಲಕ್ಷಕ್ಕೆ ಕಡಿಮೆಯಾಗಲಿಕ್ಕಿಲ್ಲ ಎಂಬುದು ಏಜೆಂಟರ ಬಾಯಿಲೆಕ್ಕ. ತಮಿಳುನಾಡಿನ ನಂಬರಿನಲ್ಲೇ ಓಡಿಸಿದರೆ ಎಂದು ಮಾಮು ಕೇಳಿದರು. ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರು ಪಡೆಯಲೇಬೇಕು ಎಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಸ್ವಿಫ್ಟ್ ಆಗಿದ್ದರೆ ಯಾರೂ ನೋಡದೆ ಇರಬಹುದು, ಕೆಂಪು ಮಸ್ಟಾಂಗ್ ಹೆದ್ದಾರಿ 66ರಲ್ಲಿ ಗುಡುಗುತ್ತಾ ಹೋದರೆ ನೋಡದೆ ಇರುವವರು ಯಾರು? 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ತೆರಿಗೆ ಕಟ್ಟದ 30 ಐಷಾರಾಮಿ ಕಾರುಗಳನ್ನು ಹಿಡಿದರು. ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಕೆಂಪು ಫೆರಾರಿಯವರಿಂದ ದಂಡ ಸೇರಿ ಸುಮಾರು 1 ಕೋಟಿ 42 ಲಕ್ಷ ಕಟ್ಟಿಸಿಕೊಂಡರು.

ಕಚೇರಿಯ ಹೊರಗೆ ಕಟ್ಟೆಯ ಮೇಲೆ ಕುಳಿತು ಕೂಡಿಸಿದೆ. ಕಾರು 11 ಲಕ್ಷ, ತೆರಿಗೆ 7, ಚೆನ್ನೈಯಿಂದ ಟ್ರೈಲರ್ ಮೇಲೆ ತರಲು 70 ಸಾವಿರ. ಒಟ್ಟು 18 ಲಕ್ಷ 70 ಸಾವಿರ. ಇನ್ನೂ ಒಂದು ಸ್ಕ್ರೂ ಬಿಚ್ಚಿಲ್ಲ. 19 ಲಕ್ಷದಲ್ಲಿ ಉಳಿಯುವುದು 30 ಸಾವಿರ. ರಿಪೇರಿಗೆ ಹಣ ಎಲ್ಲಿಂದ ಎಂಬ ಪ್ರಶ್ನೆಗೆ "ನನ್ನ ಬಂಗಾರದಿಂದ" ಎಂದು ಅವತ್ತು ಸಂಜೆ ಮಾಮಿಯೇ ಹೇಳಿದರು, ಮಾಮು ಬಾಯಿ ತೆರೆಯುವ ಮೊದಲೇ.

ಅಷ್ಟರಲ್ಲಿ ಬಂದದ್ದೇ ಬಂದೆವು ಎಂದು ಹೊನ್ನಾವರದಿಂದ ಕುಮಟಾಕ್ಕೂ ಹೋಗಿದ್ದೆವು. ಅಲ್ಲಿ ಕಾರಿನ ಎಲೆಕ್ಟ್ರಿಕಲ್ ಕೆಲಸಕ್ಕೆ ಹೆಸರಾದ ಒಬ್ಬರು ಇದ್ದಾರೆ. ಮಾಮು ಕಳಿಸಿಕೊಂಡಿದ್ದ ಫೋಟೊಗಳನ್ನೆಲ್ಲ ಅವರು ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿ ನೋಡಿದರು. ಒಂದು ಫೋಟೊದಲ್ಲಿ ಬಾಗಿಲಿನ ಒಳಬದಿಯಲ್ಲಿ, ಹಿಡಿಕೆಗಿಂತ ಮೇಲೆ, ಒಂದು ತೆಳುವಾದ ಕಂದು ಗೆರೆ ಇತ್ತು. ನಾವು ಅದನ್ನು ನೋಡಿಯೇ ಇರಲಿಲ್ಲ. "ನೀರು ಇಲ್ಲಿವರೆಗೆ ಬಂದದೆ. ಎಂಜಿನ್ ಬೇಕಾದ್ರೆ ಹೇಳ್ತೆ, ವೈರಿಂಗ್ ಹೇಳೂಕೆ ಆಗುದಿಲ್ಲ" ಎಂದರು.

ಅವರು ವಿವರಿಸಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಎಂಜಿನ್ ಕಬ್ಬಿಣ, ಅಲ್ಯೂಮಿನಿಯಂ. ಬಿಚ್ಚಿ ತೊಳೆದು ಒಣಗಿಸಬಹುದು. ಈಗಿನ ಕಾರು ಎಂದರೆ ಎಂಜಿನ್‌ಗಿಂತ ಹೆಚ್ಚಾಗಿ ಹತ್ತಾರು ಸಣ್ಣ ಕಂಪ್ಯೂಟರ್‌ಗಳು ಮತ್ತು ಅವನ್ನು ಜೋಡಿಸುವ ತಂತಿ. ಒಂದೊಂದು ಕನೆಕ್ಟರ್‌ನೊಳಗೂ ಸೂಜಿಯಂಥ ಪಿನ್‌ಗಳು. ನೆರೆಯ ನೀರಿನಲ್ಲಿ ಕೆಸರು, ಚರಂಡಿ, ಉಪ್ಪು ಎಲ್ಲ ಇರುತ್ತದೆ. ಅದು ತಾಮ್ರದ ಮೇಲೆ ಹಸಿರು ಪುಡಿ ಕಟ್ಟುತ್ತದೆ, ತಂತಿಯ ಪ್ಲಾಸ್ಟಿಕ್ ಒಳಗೇ ಮುಂದೆ ಮುಂದೆ ಹೋಗುತ್ತದೆ. ಇವತ್ತು ಎಲ್ಲ ಸರಿ ಇರುತ್ತದೆ, ಮುಂದಿನ ಮಳೆಗಾಲದಲ್ಲಿ ಸುಮ್ಮನೆ ಹೋಗುತ್ತಿರುವಾಗ ಸ್ಟೇರಿಂಗ್ ಗಟ್ಟಿಯಾಗುತ್ತದೆ. ನಮ್ಮ ಕರಾವಳಿಯ ಉಪ್ಪು ಗಾಳಿಯಲ್ಲಂತೂ ಇದು ಇನ್ನೂ ಬೇಗ. ಒಂದು ತಂತಿ ಸರಿ ಮಾಡಿದರೆ ಇನ್ನೊಂದು ಹೋಗುತ್ತದೆ ಎಂಬ ಕಾರಣಕ್ಕೆ ಕಂಪನಿಯವರು ಪೂರ್ತಿ ವೈರಿಂಗನ್ನೇ ಬದಲಿಸಲು ಹೇಳುವುದು. 28 ಲಕ್ಷದ ಅಂದಾಜು ಎಲ್ಲಿಂದ ಬಂತು ಎಂದು ನನಗೆ ಅಲ್ಲಿ ತಿಳಿಯಿತು.

ಎಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಏರ್‌ಬ್ಯಾಗ್‌ನ ವಿಷಯ. ಅದನ್ನು ನಿಯಂತ್ರಿಸುವ ಪೆಟ್ಟಿಗೆ ಬಹಳಷ್ಟು ಕಾರುಗಳಲ್ಲಿ ಮಧ್ಯದ ಕನ್ಸೋಲ್ ಕೆಳಗೆ, ನೆಲದ ಮಟ್ಟದಲ್ಲೇ ಇರುತ್ತದೆ. ಅಂದರೆ ಮೊದಲು ಮುಳುಗುವುದು ಅದೇ. ಬ್ರೇಕ್ ಸರಿ ಇದೆಯಾ ಎಂದು ಒತ್ತಿ ನೋಡಬಹುದು. ಏರ್‌ಬ್ಯಾಗ್ ಸರಿ ಇದೆಯಾ ಎಂದು ನೋಡಲು ಡಿಕ್ಕಿಯೇ ಆಗಬೇಕು. ಡ್ಯಾಶ್‌ಬೋರ್ಡ್‌ನಲ್ಲಿ ಅದರ ದೀಪ ಇರುತ್ತದೆ, ಚಾವಿ ಹಾಕಿದ ಕೂಡಲೇ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತಿಯೇ ಇದ್ದರೆ ದೋಷ. ಹತ್ತಲೇ ಇಲ್ಲ ಎಂದರೆ ಇನ್ನೂ ಕೆಟ್ಟದ್ದು, ಯಾರೋ ಆ ದೀಪವನ್ನೇ ತೆಗೆದಿರಬಹುದು. ಹಳೆಯ ಕಾರು ಯಾವುದೇ ಕೊಳ್ಳಲಿ, ಮುಳುಗಿತ್ತೋ ಎಂದು ತಿಳಿಯಲು ಅವರು ಇನ್ನೂ ಕೆಲವು ಉಪಾಯ ಹೇಳಿದರು. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ತೊಳೆದವರು ಅಲ್ಲಿಯ ಕೆಸರಿನ ಕಲೆ ಮರೆತಿರುತ್ತಾರೆ. ಸೀಟಿನ ಕೆಳಗಿನ ಬೋಲ್ಟ್‌ಗಳ ತುಕ್ಕು ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಮೂಲೆಗೆ ಬೆರಳು ಹಾಕಿ. ಹೆಡ್‌ಲೈಟ್ ಒಳಗೆ ನೀರಿನ ಗೆರೆ ಇದೆಯೇ ನೋಡಿ. ಎಂಜಿನ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕಿದ್ದರೆ ಅಲ್ಲಿಗೇ ಸಲಾಂ ಹೇಳಿ ಬನ್ನಿ. ಹೊಸ ಸೆಂಟಿನ ವಾಸನೆ ಜೋರಾಗಿದ್ದರೂ ಸಂಶಯಪಡಿ.

ಇಷ್ಟು ಹುಡುಕಾಟ ಯಾಕೆ, ಕಾಗದದಲ್ಲೇ ಬರೆದಿರುವುದಿಲ್ಲವೇ ಎಂದು ನೀವು ಕೇಳಬಹುದು. ಅಮೆರಿಕದಲ್ಲಿ ಬರೆದಿರುತ್ತದೆ. ಅಲ್ಲಿ ಇಂಥ ಕಾರಿನ ಮಾಲೀಕತ್ವ ಪತ್ರದ ಮೇಲೆಯೇ 'ಸಾಲ್ವೇಜ್' ಎಂಬ ಮುದ್ರೆ ಬೀಳುತ್ತದೆ. ರಿಪೇರಿಯಾಗಿ ಪರೀಕ್ಷೆ ಪಾಸಾದರೆ 'ರೀಬಿಲ್ಟ್' ಎಂದಾಗುತ್ತದೆ, ಆದರೆ ಆ ಕಲೆ ಪೂರ್ತಿ ಹೋಗುವುದಿಲ್ಲ. ಶಾರ್ಜಾದ ಯಾರ್ಡ್‌ಗಳಲ್ಲಿ ಮಾಮು ನೋಡಿದ್ದು ಹಾಗೆ ಅಮೆರಿಕದಿಂದ ಬಂದ ಕಾರುಗಳನ್ನೇ. ಅವುಗಳ ಇತಿಹಾಸ ಕೊಳ್ಳುವವನಿಗೆ ಗೊತ್ತಿರುತ್ತದೆ, ಗೊತ್ತಿದ್ದೇ ಕಡಿಮೆ ಬೆಲೆ ಕೊಡುತ್ತಾನೆ. ನಮ್ಮ ಆರ್‌ಸಿಯಲ್ಲಿ ಅಂಥ ಮುದ್ರೆ ಇಲ್ಲ. ವಾಹನ ಪೂರ್ತಿ ನಾಶವಾದರೆ ಅಥವಾ ಶಾಶ್ವತವಾಗಿ ಓಡಿಸಲಾರದಂತಾದರೆ ಮಾಲೀಕರು 14 ದಿನದೊಳಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು ಎಂದು ಕಾಯ್ದೆಯ 55ನೇ ಕಲಂ ಹೇಳುತ್ತದೆ. ಆದರೆ ಟೋಟಲ್ ಲಾಸ್ ಎನ್ನುವುದು ಹಣದ ಲೆಕ್ಕ. ಅಂಥ ಕಾರು ಶಾಶ್ವತವಾಗಿ ಕೆಟ್ಟಿದೆ ಎಂದು ಯಾರೂ ಹೇಳದಿದ್ದರೆ ಆರ್‌ಸಿ ಜೀವಂತವಾಗಿಯೇ ಉಳಿಯುತ್ತದೆ. ಇಂಥ ಆರ್‌ಸಿಗಳನ್ನು ಕದ್ದ ಕಾರುಗಳಿಗೆ ಅಂಟಿಸಿ ಮಾರುವ ಜಾಲಗಳನ್ನೂ ದೆಹಲಿ, ಉತ್ತರ ಪ್ರದೇಶದ ಪೊಲೀಸರು ಹಿಡಿದಿದ್ದಾರೆ. ಚಾಸಿ ನಂಬರನ್ನು ಕಾಗದದಲ್ಲಿ ಅಲ್ಲ, ಕಾರಿನ ಮೇಲೆಯೇ ಓದಬೇಕು ಎನ್ನುವುದು ಅದಕ್ಕೆ.

ಮದುವೆ ಬಾಡಿಗೆಯ ಯೋಜನೆ ಅರ್ಧ ನಿಮಿಷದಲ್ಲಿ ಬಿತ್ತು. ಬಿಳಿ ಬೋರ್ಡಿನ ಖಾಸಗಿ ಕಾರನ್ನು ಬಾಡಿಗೆಗೆ ಓಡಿಸುವಂತಿಲ್ಲ. ಖಾಸಗಿ ಕಾರಿನ ಪಾಲಿಸಿಯಲ್ಲೂ ಬಾಡಿಗೆಗೆ ಬಳಸಿದರೆ ರಕ್ಷಣೆ ಇಲ್ಲ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ದುಲ್ಹಾನನ್ನು ಕೂರಿಸಿಕೊಂಡು ಹೋಗುವಾಗ ಏನಾದರೂ ಆದರೆ ವಿಮೆಯೂ ಇಲ್ಲ, ಏರ್‌ಬ್ಯಾಗ್‌ನ ಭರವಸೆಯೂ ಇಲ್ಲ.

ಉಳಿದದ್ದು ಮಾರಾಟ. 40 ಲಕ್ಷಕ್ಕೆ ಮಾರುವಾಗ ಕೊಳ್ಳುವವರಿಗೆ ಇದು ಮುಳುಗಿದ್ದ ಕಾರು ಎಂದು ಹೇಳುತ್ತೀರಾ ಎಂದು ನಾನು ಮಾಮುವನ್ನು ಕೇಳಿದೆ. ಕೇಳಬಾರದಿತ್ತೇನೋ, ಮಾಮು ದೊಡ್ಡವರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೇಳಿದರೆ ಹೇಳುತ್ತೇನೆ ಎಂದರು.

ಹೇಳಿದರೆ 40 ಲಕ್ಷ ಸಿಗುವುದಿಲ್ಲ. ಲೆಕ್ಕದಲ್ಲಿ ಲಾಭ ಕಾಣುವುದು ಹೇಳದಿದ್ದರೆ ಮಾತ್ರ. ಸರಕು ಮಾರಾಟ ಕಾಯ್ದೆ 1930ರಲ್ಲಿ ಕೊಳ್ಳುವವನೇ ನೋಡಿಕೊಳ್ಳಬೇಕು ಎಂಬ ತತ್ವವಿದೆ, 'ಇದ್ದಲ್ಲಿ ಇದ್ದಂತೆ' ಎಂಬ ಷರತ್ತಿನಲ್ಲಿ ಹರಾಜು ನಡೆಯುವುದೂ ಅದರ ಬಲದಿಂದಲೇ. ಆದರೆ ಗೊತ್ತಿದ್ದ ದೋಷವನ್ನು ಬೇಕೆಂದೇ ಮುಚ್ಚಿಡುವುದು ಕರಾರು ಕಾಯ್ದೆ 1872ರ 17ನೇ ಕಲಂ ಪ್ರಕಾರ ವಂಚನೆ. ಕೆಸರಿನ ಗೆರೆ ಉಜ್ಜುವುದು, ದೀಪ ತೆಗೆಯುವುದು ಎಲ್ಲ ಅದರೊಳಗೇ ಬರುತ್ತದೆ ಎಂದು ನನ್ನ ತಿಳಿವಳಿಕೆ. ಅಮ್ಮಿ ಅಡುಗೆಮನೆಯಿಂದ ಇದನ್ನು ಕೇಳಿಸಿಕೊಂಡು ಹೇಳಿದ್ದು ಒಂದೇ ಶಬ್ದ, ಐಬ್. ಮಾಲಿನ ಐಬ್ ಹೇಳದೆ ಮಾರಬಾರದು ಎಂದು ನಾವು ಮದರಸಾದಲ್ಲಿ ಚಿಕ್ಕಂದಿನಲ್ಲೇ ಕಲಿತವರು. ಸಹೀಹ್ ಮುಸ್ಲಿಮ್‌ನಲ್ಲಿ ಬರುವ ಪ್ರಸಂಗವೂ ಮಳೆಯದ್ದೇ. ಪ್ರವಾದಿಯವರು ಸಲ್ಲಲ್ಲಾಹು ಅಲೈಹಿ ವಸಲ್ಲಮ್ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಯಾಕೆ ಇಡಲಿಲ್ಲ ಎಂದು ಅವನನ್ನು ಕೇಳಿದರು. ಒದ್ದೆ ಧಾನ್ಯ ಮಾರಬೇಡ ಎಂದು ಹೇಳಲಿಲ್ಲ ಎನ್ನುವುದನ್ನು ನಾನು ಈ ಸಲ ಗಮನಿಸಿದೆ. ಮುಳುಗಿದ ಕಾರು ಮಾರುವುದೂ ತಪ್ಪಲ್ಲ. ಮುಳುಗಿದ ಕಾರಿನ ಬೆಲೆಗೆ ಮಾರಬೇಕು.

ಕೊನೆಗೆ ಉಳಿದ ಅಡ್ಡಿ ಟೋಕನ್. 50 ಸಾವಿರ ಹೋಗುತ್ತದಲ್ಲ ಎಂದು ಮಾಮು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಆ ಹಣ ಕಾರು ಕೊಂಡರೂ ಹೋಯಿತು, ಬಿಟ್ಟರೂ ಹೋಯಿತು, ಇನ್ನು ತೀರ್ಮಾನವಾಗಬೇಕಾದದ್ದು ಬಾಕಿ 18 ಲಕ್ಷದ್ದು ಮಾತ್ರ ಎಂದೆ. ಕ್ಲಾಸಿನಲ್ಲಿ ಹೇಳುವಷ್ಟು ಸುಲಭವಾಗಿ ಮನೆಯಲ್ಲಿ ಹೇಳಲಾಗುವುದಿಲ್ಲ. ಅದು ಅವರ ಎರಡು ತಿಂಗಳ ಸಂಬಳದ ಉಳಿತಾಯ.

ಮಾಮು ಯಾರ್ಡ್‌ಗೆ ಫೋನ್ ಮಾಡಿ ಮೂರು ಕಾಗದ ಕೇಳಿದರು. ಸರ್ವೇಯರ್ ವರದಿ, ಹರಾಜಿನ ರಸೀದಿ, ಮೊದಲ ಮಾಲೀಕರ ಫೋನ್ ನಂಬರು. ಅದೆಲ್ಲ ಯಾರೂ ಕೇಳುವುದಿಲ್ಲ, ಇನ್ನೊಬ್ಬರು ಪೂರ್ತಿ ಹಣ ಹಿಡಿದು ನಿಂತಿದ್ದಾರೆ ಎಂಬ ಉತ್ತರ ಬಂತು. ಹಾಗಾದರೆ ಅವರಿಗೇ ಕೊಡಿ, ನನ್ನ ಟೋಕನ್ ಕಳಿಸಿ ಎಂದರು ಮಾಮು. ಅದಾದ ಮೇಲೆ ಅವರು ಫೋನ್ ಎತ್ತಿಲ್ಲ.

ಹೋದ ವಾರ ಜಾಹೀರಾತು ನೋಡುತ್ತಿದ್ದಾಗ ಅದೇ ಕಾರು ಕಾಣಿಸಿತು. ಮುಂದಿನ ಗಾಜಿನ ಮೂಲೆಯಲ್ಲಿದ್ದ ಅರ್ಧ ಹರಿದ ಸ್ಟಿಕ್ಕರ್‌ನಿಂದ ಗುರುತು ಸಿಕ್ಕಿತು. ಬಾಗಿಲಿನ ಕಂದು ಗೆರೆ ಈಗ ಇಲ್ಲ. ಬೆಲೆ 29 ಲಕ್ಷ. ಕೆಳಗೆ ಸಿಂಗಲ್ ಓನರ್, ಶೋರೂಮ್ ಕಂಡಿಷನ್ ಎಂದು ಬರೆದಿದೆ.